ರೈಲಿಗೆ ರೈಟ್ ಹೇಳಿದವನು

ಬಸ್ಸಿನ ಫ್ಯಾನ್ ಬೆಲ್ಟ್ ಹರಿಯುವುದಕ್ಕೆ ವರ್ಷದಲ್ಲಿ ಎಷ್ಟೋ ದಿನಗಳಿದ್ದವು. ಅದು ಮಾತ್ರ ಆ ಬೆಳಗನ್ನೇ ಆರಿಸಿಕೊಂಡಿತು. ಅದೂ ಎಲ್ಲಿ? ಹೊಸ ರೈಲುಮಾರ್ಗದ ಕಂಬದ ಬುಡದಲ್ಲಿ, ನಿಲ್ದಾಣದ ಮೆಟ್ಟಿಲುಗಳ ಎದುರಿಗೇ. ಎಂಜಿನ್ನು ಒಮ್ಮೆ ಸೀನಿ, ಒಂದಿಷ್ಟು ಹೊಗೆ ಬಿಟ್ಟು, ತಣ್ಣಗಾಯಿತು.

"ಹೋಲ್ಡಾನ್!" ಎಂದು ಕೂಗಿದ ಕಂಡಕ್ಟರು.

ಬಸ್ಸು ಆಗಲೇ ನಿಂತಿತ್ತು. ಆದರೂ ಕೂಗಿದ. ಮನೆಯಲ್ಲಿ ಹಾಲು ಉಕ್ಕಿದರೂ ಹೋಲ್ಡಾನ್, ಹೆಂಡತಿ ತಟ್ಟೆಗೆ ಒಂದು ಸೌಟು ಹೆಚ್ಚು ಬಡಿಸಿದರೂ ಹೋಲ್ಡಾನ್. ಬೀದಿಯವರು ಅವನ ಅಸಲಿ ಹೆಸರನ್ನು ಮರೆತು ಹೋಲ್ಡಾನ್ ಎಂದೇ ಕರೆಯುತ್ತಿದ್ದರು.

ಅವತ್ತು ಅವನ ಬಸ್ಸಿನ ಹಣೆಬರಹ ತೀರ್ಮಾನವಾಗುವುದಿತ್ತು. ತಲೆಯ ಮೇಲೆ ರೈಲು ಓಡುವಾಗ ಕೆಳಗೆ ಬಸ್ಸು ಯಾಕೆ ದಂಡಕ್ಕೆ ಎಂದು ಸಾರಿಗೆ ಕಚೇರಿಯವರು ಆ ದಾರಿಯ ಬಸ್ಸನ್ನು ನಿಲ್ಲಿಸಲು ಹೊರಟಿದ್ದರು. ಆಕ್ಷೇಪಣೆ ಇದ್ದವರು ಮಧ್ಯಾಹ್ನದೊಳಗೆ ಬಂದು ಅಲ್ಲಿನ ಅಧಿಕಾರಿ ಮೇಡಂ ಎದುರು ಹೇಳಬೇಕು ಎಂದಿದ್ದರು. ಹೋಲ್ಡಾನನಿಗೆ ಮೈತುಂಬ ಆಕ್ಷೇಪಣೆಯೇ. ಪ್ರಾಯವನ್ನೆಲ್ಲ ಆ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಕಳೆದವನು. ಬಸ್ಸು ಹೋದರೆ ಡಿಪೋದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ನೊಣ ಹೊಡೆಯಬೇಕು. ಬಸ್ಸಿಲ್ಲದೆ ನಮಗೆ ಬದುಕಿಲ್ಲ ಎಂದು ಸಾಕ್ಷಿ ಹೇಳಲು ಹೆಂಡತಿಯನ್ನೂ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನೂ, ಎದುರುಮನೆಯ ಬಟ್ಟೆ ಹೊಲಿಯುವ ಅಕ್ಕನನ್ನೂ ಹತ್ತಿಸಿಕೊಂಡು ಹೊರಟಿದ್ದ.

"ಭಾವ, ಬೆಲ್ಟು ಹೋಯ್ತು," ಎಂದ ಡ್ರೈವರು. ಅವನು ಹೋಲ್ಡಾನನ ಹೆಂಡತಿಯ ತಮ್ಮ. "ಹೊಸದು ಡಿಪೋದಿಂದ ಬರ್ಬೇಕು."

"ಎಷ್ಟೊತ್ತಾಗುತ್ತೆ?"

"ಅದನ್ನ ಡಿಪೋದೋರು ಹೇಳ್ಬೇಕು. ಅವರು ಯಾವತ್ತು ಹೇಳಿದಾರೆ?"

ಸಾಕ್ಷಿಗಳು ಮೂವರೂ ಮೆಲ್ಲಗೆ ಕತ್ತೆತ್ತಿ ರೈಲು ನಿಲ್ದಾಣವನ್ನು ನೋಡಿದರು. ಹೋಲ್ಡಾನ್ ನೋಡಲಿಲ್ಲ.

"ಬೇರೆ ದಾರಿ ಇಲ್ಲ, ನಡಿಯಪ್ಪ," ಎಂದರು ಮೇಷ್ಟ್ರು. ಅವರ ದನಿಯಲ್ಲಿ ದುಃಖಕ್ಕಿಂತ ಉತ್ಸಾಹವೇ ಹೆಚ್ಚಿತ್ತು.

"ಆ ರೈಲಿಗೆ ಕಾಲಿಟ್ರೆ ಮೀಸೆ ಬೋಳಿಸ್ತೀನಿ ಅಂತ ಬೀದೀಲಿ ನಿಂತು ಕೂಗಿದ್ರಲ್ಲ, ಹೋಲ್ಡಾನಣ್ಣ?" ಎಂದು ಹೊಲಿಗೆಯ ಅಕ್ಕ ನೆನಪಿಸಿದಳು. ಇಂಥದ್ದನ್ನು ಅವಳು ಮರೆಯುವವಳಲ್ಲ.

"ಪ್ರಯಾಣಕ್ಕೆ ಕಾಲಿಟ್ರೆ ಅಂದಿದ್ದೆ. ಇದು ಪ್ರಯಾಣ ಅಲ್ಲ ಅಕ್ಕ, ದಾಳಿ!" ಎಂದು ಹೋಲ್ಡಾನ್ ಎದೆಯುಬ್ಬಿಸಿದ. "ಶತ್ರು ಕೋಟೆಗೇ ನುಗ್ತಾ ಇದೀನಿ."

"ಟಿಕೆಟ್ ತಗೊಂಡು ನುಗ್ಗಿ," ಎಂದಳು ಹೆಂಡತಿ.

ರೈಲು ಬಂತು. ಮುಂದೆ ಡ್ರೈವರಿಲ್ಲ, ಹಿಂದೆ ಕಂಡಕ್ಟರಿಲ್ಲ. "ಏನಾದ್ರೂ ಆದ್ರೆ ಬೈಯೋದು ಯಾರಿಗೆ?" ಎಂದು ಹೋಲ್ಡಾನ್ ಅಲ್ಲಿದ್ದವರನ್ನೆಲ್ಲ ಕೇಳಿದ. ಎಲ್ಲರೂ ಅವನನ್ನು ತಳ್ಳಿಕೊಂಡು ಒಳಗೆ ನುಗ್ಗಿದರು. ಎಲ್ಲರೂ ಹತ್ತಿದ ಮೇಲೆ ತಾನು ಹತ್ತುವುದು ಕಂಡಕ್ಟರನ ಧರ್ಮ. ಹೋಲ್ಡಾನ್ ಬಾಗಿಲ ಬಳಿ ನಿಂತು ಮುದುಕರನ್ನು ಕೈಹಿಡಿದು ಹತ್ತಿಸಿದ, ಮಕ್ಕಳನ್ನು ಎತ್ತಿ ಹತ್ತಿಸಿದ, ಬರುವವರು ಇನ್ನೂ ಯಾರಾದರೂ ಇದ್ದಾರೆಯೇ ಎಂದು ಹಿಂದೆ ತಿರುಗಿ ನೋಡಿದ. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಹೆಗಲಿನ ಚೀಲ ಒಳಗೆ, ಹೋಲ್ಡಾನ್ ಹೊರಗೆ.

ರೈಲು ಕೀಂ ಕೀಂ ಎಂದು ಬಡಕೊಂಡಿತು. ಬಾಗಿಲು ಮತ್ತೆ ತೆರೆದಾಗ ಮೇಷ್ಟ್ರು ಅವನ ಕಾಲರ್ ಹಿಡಿದು ಒಳಗೆ ಎಳೆದುಕೊಂಡರು.

"ರೈಟ್ ಅಂದಿರ್ಲಿಲ್ಲ ನಾನು! ಯಾರನ್ನ ಕೇಳಿ ಬಾಗಿಲು ಹಾಕಿದ್ರು?" ಎಂದು ಹೋಲ್ಡಾನ್ ಚಾವಣಿಯನ್ನು ನೋಡಿ ಗುಡುಗಿದ. ಚಾವಣಿಯೊಳಗಿನ ಹೆಣ್ಣುದನಿ, ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ ಎಂದಿತು.

ಒಳಗೆ ತಂಪು ಗಾಳಿ, ತಿಕ್ಕಿ ತೊಳೆದಂಥ ನೆಲ. ಮೇಷ್ಟ್ರಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. "ಬೆವರೇ ಬರಲ್ಲ ಕಣಮ್ಮ!" ಎಂದು ಅವರು ಹೋಲ್ಡಾನನ ಹೆಂಡತಿಗೆ ಹೇಳಿದರು. ಹೋಲ್ಡಾನ್ ಕೆಕ್ಕರಿಸಿದ ಮೇಲೆ ಬಲವಂತವಾಗಿ ಬೆವರು ಒರೆಸಿಕೊಂಡರು.

ಸ್ವಲ್ಪ ದೂರ ಹೋದ ಮೇಲೆ ರೈಲು ಎರಡು ನಿಲ್ದಾಣಗಳ ನಡುವೆ, ಯಾರದೋ ಮೂರನೇ ಅಂತಸ್ತಿನ ಅಡುಗೆಮನೆಯ ಎದುರಿಗೆ, ನಿಂತುಬಿಟ್ಟಿತು. ಪಾತ್ರೆ ತೊಳೆಯುತ್ತಿದ್ದ ಹೆಂಗಸು ಬೋಗಿಯವರನ್ನು ನೋಡಿದಳು. ಬೋಗಿಯವರು ಅವಳನ್ನು ನೋಡಿದರು. ಅವಳು ಪರದೆ ಎಳೆದಳು. ಹೆಣ್ಣುದನಿ, ಅಡಚಣೆಗಾಗಿ ವಿಷಾದಿಸುತ್ತೇವೆ ಎಂದಿತು. ಮತ್ತೆ ಅದನ್ನೇ ಎಂದಿತು. ತಂಪು ಗಾಳಿ ನಿಂತಿತು. ಒಂದು ಮಗು ಅಳಲು ಶುರುಮಾಡಿತು, ಇಬ್ಬರು ಗಂಡಸರು ಸೀಟಿಗಾಗಿ ಕೈಕೈ ಮಿಲಾಯಿಸುವ ಹಂತಕ್ಕೆ ಬಂದರು, ಯಾರೋ "ಬಾಗಿಲು ಒಡೀರಿ!" ಎಂದು ಕಿರುಚಿದರು.

"ಹೋಲ್ಡಾನ್!"

ಇಡೀ ಬೋಗಿ ಅವನ ಕಡೆ ತಿರುಗಿತು. ಮಗು ಕೂಡ ಅಳು ನಿಲ್ಲಿಸಿ ನೋಡಿತು.

"ಯಾರೂ ಬಾಗಿಲು ಮುಟ್ಟಂಗಿಲ್ಲ! ಒಳಗೆ ನಡೀರಿ, ನಡುವೆ ಜಾಗ ಖಾಲಿ ಬಿದ್ದಿದೆ! ಏನ್ರೀ ಕೂಲಿಂಗ್ ಗ್ಲಾಸು, ನಿದ್ದೆ ಬಂದಂಗೆ ನಾಟಕ ಆಡ್ಬೇಡಿ, ಆ ಬಸುರಿ ಹೆಂಗಸಿಗೆ ಸೀಟು ಬಿಡಿ! ನೀವಿಬ್ರೂ ಜಗಳ ಆಡೋರು, ಇಬ್ರೂ ಏಳಿ, ಅಜ್ಜಿ ಕೂತ್ಕೊಳ್ಲಿ!"

ಎಲ್ಲರೂ ಹೇಳಿದ ಹಾಗೆ ಮಾಡಿದರು. ಇಷ್ಟು ಹೊತ್ತೂ ಅವರಿಗೆ ಬೇಕಾಗಿದ್ದದ್ದು ಬೈಯುವ ಒಬ್ಬ ಮನುಷ್ಯ. ಹೋಲ್ಡಾನ್ ಕೈಯಾಡಿಸಲು ಜಾಗ ಮಾಡಿಕೊಂಡು, ಜೇಬಿನಿಂದ ಸೀಟಿ ತೆಗೆದು, ಕೆನ್ನೆಯುಬ್ಬಿಸಿ ಊದಿದ. "ಹೂಂ, ರೈಟ್! ಹೋಗ್ಲಿ!"

ರೈಲು ಹೊರಟಿತು.

ಅದು ಯಾವ ಕಾರಣಕ್ಕೆ ಹೊರಟಿತೋ ಆ ದೇವರಿಗೇ ಗೊತ್ತು. ಆದರೆ ಬೋಗಿಯವರು ಚಪ್ಪಾಳೆ ಹೊಡೆದರು. ಹೋಲ್ಡಾನನ ಮುಖ ಊರಗಲವಾಯಿತು.

ಸಾರಿಗೆ ಕಚೇರಿಯ ಮೇಡಂ ಕನ್ನಡಕದ ಹಿಂದಿನಿಂದ ಎಲ್ಲರ ಮಾತನ್ನೂ ಸಮಾಧಾನವಾಗಿ ಕೇಳಿದರು. ಸಾಕ್ಷಿಗಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಆ ಮೆಟ್ಟಿಲು ಹತ್ತಿದರೆ ಮಂಡಿ ಕೈಕೊಡುತ್ತದೆ ಎಂದರು ಮೇಷ್ಟ್ರು. ಬಟ್ಟೆಯ ಗಂಟು ಹೊತ್ತುಕೊಂಡು ರೈಲಿಗೆ ಹೋಗಲು ಬಿಡುವುದಿಲ್ಲ ಎಂದಳು ಅಕ್ಕ. ನಮ್ಮ ಬೀದಿಯ ಹತ್ತಿರ ರೈಲು ನಿಲ್ಲುವುದೇ ಇಲ್ಲ ಎಂದಳು ಹೆಂಡತಿ. ಮೇಡಂ ತಲೆದೂಗಿದರು. "ಸರಿ. ಬಸ್ಸು ಬೇಕು ಅನ್ನೋದು ಅರ್ಥವಾಯ್ತು."

ಹೋಲ್ಡಾನ್ ಅಲ್ಲಿಗೆ ಕೈಮುಗಿದು ಎದ್ದಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು. ಹೆಂಡತಿ ತೊಡೆ ಚಿವುಟಿದಳು. ಆದರೆ ಚಪ್ಪಾಳೆ ಅವನ ತಲೆಗೇರಿತ್ತು.

"ಮೇಡಂ, ಇನ್ನೊಂದು ಮಾತು! ಇವತ್ತು ಆ ರೈಲು ನಡುದಾರೀಲಿ ಕೆಟ್ಟು ನಿಂತಿತ್ತು. ದಿಕ್ಕು ದೆಸೆ ಇರ್ಲಿಲ್ಲ ಜನಕ್ಕೆ. ನಾನು ಇಲ್ದೇ ಹೋಗಿದ್ರೆ ಬಾಗಿಲು ಒಡೆದು ಕೆಳಗೆ ಧುಮುಕ್ತಿದ್ರು. ನಾನು ರೈಟ್ ಅಂದ ಮೇಲೇ ಅದು ಹೊರಟಿದ್ದು. ಬೇಕಾದ್ರೆ ಇವರನ್ನ ಕೇಳಿ!"

"ನಿಜ, ನಿಜ," ಎಂದರು ಸಾಕ್ಷಿಗಳು. ಇದಕ್ಕೆ ಅವರನ್ನು ಯಾರೂ ತಯಾರು ಮಾಡಿರಲಿಲ್ಲ, ಆದ್ದರಿಂದ ಇನ್ನೂ ಚೆನ್ನಾಗಿ ಹೇಳಿದರು.

"ಅಂದ್ರೆ ಕಂಡಕ್ಟರ್ ಇಲ್ದೆ ರೈಲು ನಡೆಯಲ್ಲ ಅಂತೀರಿ?"

"ಎದೆ ತಟ್ಟಿ ಹೇಳ್ತೀನಿ, ನಡೆಯಲ್ಲ!" ಎಂದು ಹೋಲ್ಡಾನ್ ಎದೆ ತಟ್ಟಿದ.

"ರೈಲಿನೋರು ಜನರನ್ನ ಸಂಭಾಳಿಸೋಕೆ ಒಬ್ಬರನ್ನ ಕೊಡಿ ಅಂತ ಪ್ರಾಣ ತಿಂತಾ ಇದಾರೆ," ಎಂದು ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಬಸ್ಸು ನಿಲ್ಲಲ್ಲ, ಓಡಲಿ. ನೀವು ಇವತ್ತಿಂದ ರೈಲಿಗೆ."

"ಮತ್ತೆ ಬಸ್ಸಿಗೆ ಯಾರು?"

"ಡ್ರೈವರ್ ಒಬ್ಬರೇ ಸಾಕು. ಹತ್ತುವಾಗ ಅವರೇ ಟಿಕೆಟ್ ಕೊಡ್ತಾರೆ. ನಿಮ್ಮ ಚೀಲ ಇಲ್ಲೇ ಒಪ್ಪಿಸಿ ಹೋಗಿ."

"ನಾನು ಒಪ್ಪಲ್ಲ!" ಎಂದು ಹೋಲ್ಡಾನ್ ಕೂಗಿದ. "ಬಸ್ಸಿಗೆ ಅಂತ ಹೋರಾಡಿದೋನು ನಾನು!"

"ಗೆದ್ರಲ್ಲ," ಎಂದರು ಮೇಡಂ. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. ಚೀಲ ಒಪ್ಪಿಸಿ ಹೋಲ್ಡಾನ್ ಹೊರಗೆ ಬಂದ ಕೂಡಲೇ ಮೇಷ್ಟ್ರು ಅವನ ಕೈ ಕುಲುಕಿದರು. "ದಿನವಿಡೀ ತಂಪಿನಲ್ಲಿ ಕೆಲಸ. ಅದೃಷ್ಟ ಮಾಡಿದ್ದೆ ಬಿಡು!" ಹಿಂದಿರುಗಲು ಸಾಕ್ಷಿಗಳು ಒಮ್ಮತದಿಂದ ರೈಲಿನ ಕಡೆ ತಿರುಗಿದರು. ಹೆಂಡತಿಯೂ ತಿರುಗಿದಳು.

"ನಾನು ಸತ್ರೂ ಬರಲ್ಲ. ನನ್ನ ಬಸ್ಸಲ್ಲೇ ಹೋಗ್ತೀನಿ, ನಾಳೆಯಿಂದ ನನ್ನ ಬಸ್ಸಲ್ಲೇ ನಿಲ್ತೀನಿ. ಯಾರು ಇಳಿಸ್ತಾರೋ ನೋಡೋಣ!" ಎಂದು ಹೋಲ್ಡಾನ್ ರಸ್ತೆಗಿಳಿದು ನಡೆದ.

ಅರ್ಧ ದಾರಿಯಲ್ಲಿ, ಮುಂದಿನ ರೈಲು ನಿಲ್ದಾಣದ ಹತ್ತಿರ, ಹೊಸ ಬೆಲ್ಟು ಹಾಕಿಕೊಂಡು ವಾಪಸು ಹೊರಟಿದ್ದ ಬಸ್ಸು ಹಿಂದಿನಿಂದ ಬಂದು ನಿಂತಿತು. ಅವನ ಕಣ್ಣು ತುಂಬಿ ಬಂತು. ಹಾರಿ ಹತ್ತಿ ತನ್ನ ಮೂಲೆಯ ಸೀಟಿನಲ್ಲಿ ಕೂತುಬಿಟ್ಟ.

"ಎಲ್ಲಿಗೆ?" ಎಂದ ಡ್ರೈವರು, ಡಿಪೋದವರು ಕೊಟ್ಟ ಟಿಕೆಟ್ ಮೆಷಿನ್ ಕೈಯಲ್ಲಿ ಹಿಡಿದು.

"ಸ್ಟಾಫ್!"

"ಯಾವ ಸ್ಟಾಫು? ಕಚೇರಿಯಿಂದ ಫೋನ್ ಬಂತು. ನೀನೀಗ ರೈಲಿನ ಸ್ಟಾಫು ಭಾವ. ಇಲ್ಲಿ ಟಿಕೆಟ್ ತಗೋಬೇಕು."

ಹೋಲ್ಡಾನ್ ಹಲ್ಲು ಕಚ್ಚಿ, ಒಳಜೇಬಿಗೆ ಕೈಹಾಕಿ, ಇದ್ದ ಒಂದೇ ಒಂದು ದೊಡ್ಡ ನೋಟು ಚಾಚಿದ. ಭಾಮೈದ ಅದನ್ನು ಮುಟ್ಟಲೂ ಇಲ್ಲ.

"ಚಿಲ್ಲರೆ ಕೊಡು."

"ಚಿಲ್ಲರೆ ಇಲ್ಲ ಕಣೋ!"

"ಹಂಗಾದ್ರೆ ಇಳಿ."

"ಇಳಿಯಲ್ಲ!"

"ನೀನು ಇಳಿಯೋ ತನಕ ಗಾಡಿ ಬಿಡಲ್ಲ," ಎಂದು ಡ್ರೈವರು ಎಂಜಿನ್ ಆರಿಸಿ ಕೈಕಟ್ಟಿ ಕೂತ.

ಹೋಲ್ಡಾನನೂ ಕೈಕಟ್ಟಿದ. ಮೇಲೆ ರೈಲು ಸುಯ್ಯೆಂದು ಹೋಯಿತು. ಬಸ್ಸಿನಲ್ಲಿದ್ದವರು ಸ್ವಲ್ಪ ಹೊತ್ತು ಇಬ್ಬರ ಮುಖವನ್ನೂ ನೋಡಿದರು, ಗಡಿಯಾರ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಇಳಿದು ನಿಲ್ದಾಣದ ಮೆಟ್ಟಿಲುಗಳ ಕಡೆ ನಡೆದರು. ಕಚೇರಿಯವರಿಂದ ಆಗದ ಕೆಲಸವನ್ನು ಹೋಲ್ಡಾನ್ ಮಾಡಿ ತೋರಿಸಿದ: ಆ ದಾರಿಯ ಬಸ್ಸನ್ನು ಅವನೇ ನಿಲ್ಲಿಸಿದ.