ಪೆಲೆಗ್ರೀನೊ ತೊಟ್ಟ ಇಂಗ್ಲಿಷ್ ಸೂಟು

ವ್ಯಾಪಾರ ಕುದುರಿಸುವುದು ಮಾತೂ ಅಲ್ಲ, ಮಾಲೂ ಅಲ್ಲ, ಸೂಟು! ಹಾಗೆಂದು ಪೆಲೆಗ್ರೀನೊ ಒಂದು ಸೋಮವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಕನ್ನಡಿಯ ಮುಂದೆ ಘೋಷಿಸಿದ. ಕನ್ನಡಿಯ ಮುಂದೆ ಏಕೆಂದರೆ ಕೇಳಿಸಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ವಯಸ್ಸು ಐವತ್ತಮೂರು, ಮದುವೆಯಾಗಿಲ್ಲ, ಕೋಟಿನ ಗುಂಡಿ ತಯಾರಿಸುವ ಕಾರ್ಖಾನೆಯೊಂದರ ಪರವಾಗಿ ಮಾದರಿ ಪೆಟ್ಟಿಗೆ ಹಿಡಿದು ನೇಪಲ್ಸಿನ ದರ್ಜಿ ಅಂಗಡಿಗಳನ್ನು ಸುತ್ತುವುದು ಅವನ ಕಸುಬು. ಹಳೆಯ ವಠಾರವೊಂದರ ಮೂರನೇ ಮಹಡಿಯಲ್ಲಿ ಹನ್ನೊಂದು ವರ್ಷದಿಂದ ಇದ್ದ. ನೆರೆಯವರೊಂದಿಗೆ ಅವನ ಮಾತುಕತೆಯನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಅಂಚೆ ಕಾರ್ಡು ತುಂಬುತ್ತಿರಲಿಲ್ಲ.

ಅವನ ಕಣ್ಣು ಇದ್ದದ್ದು ಕಿಯಾಯಾ ಪೇಟೆಯ ಲಿಬೊರಿಯೊ ಮಾಸ್ಟರ ಅಂಗಡಿಯ ಮೇಲೆ. ನ್ಯಾಯಾಧೀಶರು, ವೈದ್ಯರು, ಹಡಗಿನ ಮಾಲೀಕರು ಎಲ್ಲರ ಮೈಗೂ ಕೋಟು ಹೊಲಿದ ಕೈ ಅದು. ಅಲ್ಲಿ ಕಿಟಕಿಯ ಪಕ್ಕ ನಾಲ್ಕು ಕುರ್ಚಿ. ಗುರುವಾರ ಬಂತೆಂದರೆ ದಾರದವನು, ಕೋಟಿನೊಳಗಿನ ಅಸ್ತರಿನವನು, ಬಟ್ಟೆಯವನು ಅಲ್ಲಿ ಕೂತು, ಕಾಫಿ ಹೀರುತ್ತ, ಫುಟ್ಬಾಲನ್ನೂ ತಮ್ಮ ಅಳಿಯಂದಿರನ್ನೂ ಮಧ್ಯಾಹ್ನದವರೆಗೆ ಬೈಯುತ್ತಿದ್ದರು. ಮಾಸ್ಟರು ಯಾರ ಮಾಲು ಕೊಳ್ಳುತ್ತಾರೋ ಅವರಿಗೆ ಮಾತ್ರ ಕುರ್ಚಿ. ಉಳಿದವರು ಹೊಸ್ತಿಲಲ್ಲಿ ನಿಂತು ನಮಸ್ಕಾರ ಹೇಳಿ ಹೋಗಬೇಕು. ಪೆಲೆಗ್ರೀನೊ ಆರು ವರ್ಷದಿಂದ ಹೊಸ್ತಿಲಲ್ಲಿ ನಮಸ್ಕಾರ ಹೇಳುತ್ತಿದ್ದ. ಕಾರ್ಖಾನೆಯ ಯಜಮಾನನಿಗೆ ಬೇಕಾದದ್ದು ಮಾಸ್ಟರ ಆರ್ಡರು. ಪೆಲೆಗ್ರೀನೊಗೆ ಬೇಕಾದದ್ದು, ನಿಜ ಹೇಳಬೇಕೆಂದರೆ, ಖಾಲಿ ಇದ್ದ ಆ ನಾಲ್ಕನೇ ಕುರ್ಚಿ. ವಾರಕ್ಕೊಂದು ದಿನವಾದರೂ ನಾಲ್ಕು ಜನರ ನಡುವೆ ಕೂತು ಬೈಗುಳದಲ್ಲಿ ಪಾಲು ತೆಗೆದುಕೊಳ್ಳಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು.

ಮಾಸ್ಟರು ಪೆಟ್ಟಿಗೆ ನೋಡುವ ಮೊದಲು ಮನುಷ್ಯನ ಕೋಟು ನೋಡುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಸರಿ, ಪೆಲೆಗ್ರೀನೊ ಯುದ್ಧಕ್ಕೆ ಸಿದ್ಧನಾದ. ಊರಿನ ದರ್ಜಿಗಳ ಕೈಯಲ್ಲಿ ಹೊಲಿಸಿದರೆ ಮಾಸ್ಟರು ಒಂದೇ ನೋಟಕ್ಕೆ ಗುರುತು ಹಿಡಿದಾರೆಂದು, ಕಾಸೆರ್ತಾದವರೆಗೂ ನಾಲ್ಕು ಸಲ ರೈಲಿನಲ್ಲಿ ಹೋಗಿ ಅಳತೆ ಕೊಟ್ಟು ಇದ್ದಿಲು ಬಣ್ಣದ ಸೂಟು ಹೊಲಿಸಿದ. ಇಂಗ್ಲೆಂಡಿನ ಶ್ರೀಮಂತರ ಚಿತ್ರಗಳಿದ್ದ ಒಂದು ಹಳೆಯ ಪತ್ರಿಕೆ ಅವನ ಧರ್ಮಗ್ರಂಥ. ಕಡು ಸೂಟು, ಬಿಳಿ ಅಂಗಿ, ಕಪ್ಪು ಟೈ, ಕಪ್ಪು ಬೂಟು. ಬಣ್ಣ ಹೆಚ್ಚಿದಷ್ಟೂ ಘನತೆ ಕಡಿಮೆ! ನೇಪಲ್ಸಿನಲ್ಲಿ ಗಂಡಸು ಕಪ್ಪು ಟೈ ಕಟ್ಟುವುದು ಯಾವ ಸಂದರ್ಭದಲ್ಲಿ ಎಂಬುದು ಅವನಿಗೇನು ಗೊತ್ತಿಲ್ಲದ್ದಲ್ಲ. ಆದರೆ ಇಂಗ್ಲೆಂಡಿನ ಶ್ರೀಮಂತರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ.

ತಿಂಗಳಾದ ಮೇಲೆ ಒಂದು ಬುಧವಾರ ಸಂಜೆ ಸೂಟು, ಅಂಗಿ, ಟೈ ಮೂರನ್ನೂ ಇಸ್ತ್ರಿಗೆಂದು ಕೆಳಗೆ ಕ್ಲೊರಿಂದಮ್ಮನಿಗೆ ಕೊಟ್ಟ. ಆಕೆ ವಠಾರದ ಬಾಗಿಲು ಕಾಯುವ ವಿಧವೆ. ಸಾಮಾನ್ಯವಾಗಿ ಆಕೆಯ ಬಾಯಿಗೆ ಬೀಗವಿಲ್ಲ. ಆದರೆ ಅಂದು ಟೈಯನ್ನು ಎತ್ತಿ ನೋಡಿದವಳೇ ಗಪ್‌ಚಿಪ್ಪಾದಳು.

"ನಾಳೆ ಹನ್ನೊಂದಕ್ಕೆ ಬೇಕು," ಎಂದ ಪೆಲೆಗ್ರೀನೊ.

"ಹೋಗಿ ಮಲಗಿ ಸಾಹೇಬ್ರೇ. ಎಲ್ಲಾ ನಾನು ನೋಡ್ಕೋತೀನಿ," ಎಂದು ಆಕೆ ಅವನ ಕೈಯನ್ನು ಮೆಲ್ಲಗೆ ತಟ್ಟಿದಳು.

ಕ್ಲೊರಿಂದಮ್ಮನ ಬಾಯಿಯನ್ನೇ ಕಟ್ಟಿಹಾಕಿದ ಸೂಟು ಎಂದು ಪೆಲೆಗ್ರೀನೊ ಹಿಗ್ಗುತ್ತ ಮಹಡಿ ಹತ್ತಿದ. ಕೆಳಗೆ ಆಕೆ ಇಸ್ತ್ರಿ ಮಾಡಿ ಮುಗಿಸಿ, ಪಾಪದವನಿಗೆ ಇದನ್ನೆಲ್ಲ ನೆನಪಿಸುವವರು ಯಾರಿದ್ದಾರೆಂದು ಕಣ್ಣೊರೆಸಿಕೊಂಡು, ಕಪ್ಪು ಬಟ್ಟೆ ಸುತ್ತಿದ ಗುಂಡಿಯೊಂದನ್ನು ತೆಗೆದು ಕೋಟಿನ ಕಾಲರಿನ ಮಡಿಕೆಗೆ ಹೊಲಿದಳು. ಮನೆಯಲ್ಲಿ ಸಾವಾದ ಗಂಡಸರು ಆ ಊರಿನಲ್ಲಿ ಕಪ್ಪು ಟೈಯ ಜೊತೆ ಹಾಕಿಕೊಳ್ಳುವುದು ಅದನ್ನೇ. ಅದನ್ನು ಕಂಡವರು ಏನೂ ಕೇಳಬೇಕಾಗಿಲ್ಲ.

ಗುರುವಾರ ಬೆಳಿಗ್ಗೆ ಸೂಟು ತೊಟ್ಟ ಪೆಲೆಗ್ರೀನೊ ಅದನ್ನು ಕಾಣಲೇ ಇಲ್ಲ. ಪತ್ರಿಕೆಯಲ್ಲಿದ್ದ ಶ್ರೀಮಂತರಲ್ಲಿ ಒಬ್ಬರಿಗೂ ಕನ್ನಡಕವಿರಲಿಲ್ಲ. ಆದ್ದರಿಂದ ಅವನೂ ತನ್ನ ದಪ್ಪ ಕನ್ನಡಕವನ್ನು ಮೇಜಿನ ಮೇಲೇ ಬಿಟ್ಟು, ಗೋಡೆ ಸವರುತ್ತ ಮೆಟ್ಟಿಲಿಳಿದ.

ಆಮೇಲೆ ನಡೆದದ್ದು ಮೆರವಣಿಗೆಯೇ ಸರಿ! ಅಂಗಳದಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸರು ಎದ್ದು ನಿಂತರು. ಮೂಲೆಯ ಚಮ್ಮಾರ ಟೋಪಿ ತೆಗೆದ. ಕಾಫಿ ಅಂಗಡಿಯವನು ಕಾಸು ಮುಟ್ಟಲಿಲ್ಲ, ಬದಲಿಗೆ ಎರಡೂ ಕೈಯಲ್ಲಿ ಅವನ ಕೈ ಹಿಡಿದು ಒತ್ತಿದ. ಬಸ್ಸಿನಲ್ಲಿ ಮುದುಕಿಯೊಬ್ಬಳು ಎದ್ದು ಜಾಗ ಬಿಟ್ಟುಕೊಟ್ಟಳು. ಹನ್ನೊಂದು ವರ್ಷದಲ್ಲಿ ಸಿಗದ ಮರ್ಯಾದೆ ಒಂದೇ ಬೆಳಿಗ್ಗೆ ಸಿಕ್ಕಿತು. ನಾಲ್ಕು ಸಲ ಅಳತೆ ಕೊಟ್ಟ ಸೂಟು ಅಂದರೆ ಸುಮ್ಮನೆಯೇ ಎಂದುಕೊಂಡು ಅವನು ಎದೆ ಇನ್ನಷ್ಟು ಉಬ್ಬಿಸಿದ. ಎದೆಯ ಜೊತೆ ಗುಂಡಿಯೂ ಮುಂದೆ ಬಂತು.

ಮಾಸ್ಟರ ಅಂಗಡಿಯಲ್ಲಂತೂ ಪವಾಡವೇ ಕಾದಿತ್ತು. ಅವನು ಹೊಸ್ತಿಲು ಮುಟ್ಟುತ್ತಲೇ ಮೂವರು ವ್ಯಾಪಾರಿಗಳೂ ಎದ್ದರು. ಮಾಸ್ಟರು ತಾವೇ ಬಂದು, ತೋಳು ಹಿಡಿದು, ನಾಲ್ಕನೇ ಕುರ್ಚಿಯಲ್ಲಿ ಅವನನ್ನು ಕೂರಿಸಿದರು! ಕಾಫಿ ತರಿಸಿ, ಸಕ್ಕರೆಯನ್ನೂ ತಾವೇ ಕಲಕಿ ಕೈಗಿತ್ತರು. ಫುಟ್ಬಾಲಿನ ಮಾತು ನಿಂತಿತು. ಮೂವರು ವ್ಯಾಪಾರಿಗಳೂ ಹತ್ತಿರ ಹತ್ತಿರ ಕೂತು, ಮಾಸ್ಟರು ಪಕ್ಕದಲ್ಲೇ ನಿಂತು ಅವನನ್ನೇ ನೋಡುತ್ತಿದ್ದರು. ಇಷ್ಟು ಜನ ಇಷ್ಟು ಹತ್ತಿರ ತನ್ನ ಬಳಿ ಈ ಹಿಂದೆ ಕೂತದ್ದು ಯಾವಾಗ ಎಂಬುದು ಪೆಲೆಗ್ರೀನೊಗೆ ನೆನಪಾಗಲಿಲ್ಲ. ಒಂದು ಗಳಿಗೆ ಅವನು ಆರ್ಡರನ್ನೇ ಮರೆತುಬಿಟ್ಟ. ಆಮೇಲೆ ಕಸುಬು ಎಚ್ಚರಿಸಿತು. ಪೆಟ್ಟಿಗೆಯ ಚಿಲಕಕ್ಕೆ ಕೈಹಾಕಿದ. ಮಾಸ್ಟರು ಮುಚ್ಚಳದ ಮೇಲೆ ಕೈಯಿಟ್ಟರು.

"ಇವತ್ತು ಬೇಡ. ವ್ಯಾಪಾರ ಎಲ್ಲಿಗೂ ಓಡಿಹೋಗಲ್ಲ," ಎಂದರು. ಮತ್ತೆ ದನಿ ತಗ್ಗಿಸಿ, "ಯಾರು ಹೋಗಿದ್ದು?" ಎಂದು ಕೇಳುತ್ತ ಅವನ ಕಾಲರನ್ನು ಬೆರಳಿನಿಂದ ಮುಟ್ಟಿದರು.

ಪೆಲೆಗ್ರೀನೊನ ಬೆರಳೂ ಅಲ್ಲಿಗೆ ಹೋಯಿತು. ಮೂವತ್ತು ವರ್ಷ ಗುಂಡಿ ಮಾರಿದ ಬೆರಳು, ಕಣ್ಣು ಬೇಕಿರಲಿಲ್ಲ. ಬಟ್ಟೆ ಸುತ್ತಿದ್ದು, ಸಾವಿನದ್ದು. ಚಮ್ಮಾರನ ಟೋಪಿ, ಮುದುಕಿಯ ಜಾಗ, ಬಿಟ್ಟಿ ಕಾಫಿ ಎಲ್ಲದರ ಅರ್ಥ ಒಮ್ಮೆಗೇ ಆಗಿ ಅವನ ಕಿವಿ ಕೆಂಪಾಯಿತು.

ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಕುರ್ಚಿಯೂ ಉಳಿಯುತ್ತಿತ್ತು, ತಿಂಗಳು ಕಳೆದ ಮೇಲೆ ಆರ್ಡರೂ ಬರುತ್ತಿತ್ತು. ಸುಳ್ಳು ಹೇಳಲು ಅವನಿಗೇನೂ ಅಭ್ಯಂತರವಿರಲಿಲ್ಲ, ಮಾರಾಟದವನು ತಾನೆ! ಯಾರನ್ನು ಸಾಯಿಸೋಣವೆಂದು ಅವಸರದಲ್ಲಿ ಮನಸ್ಸಿನೊಳಗೆ ಹುಡುಕಿದ. ಅಪ್ಪ ಯುದ್ಧದಲ್ಲೇ ಹೋಗಿದ್ದ. ಅಮ್ಮ ಹೋಗಿ ಹದಿನಾಲ್ಕು ವರ್ಷ. ಅಣ್ಣ ಅರ್ಜೆಂಟೀನಾದ ಹಡಗು ಹತ್ತಿ, ಎರಡು ಕಾಗದ ಬರೆದು ಸುಮ್ಮನಾಗಿದ್ದ, ಬದುಕಿದ್ದಾನೋ ಇಲ್ಲವೋ ಯಾರಿಗೆ ಗೊತ್ತು. ಚಿಕ್ಕಮ್ಮಂದಿರು, ಗೆಳೆಯರು, ಯಾರೂ ಸಿಗಲಿಲ್ಲ. ಸುಳ್ಳಿಗೆ ಸಾಯಿಸೋಣವೆಂದರೂ ಅವನಿಗೆ ಒಬ್ಬರೂ ಉಳಿದಿರಲಿಲ್ಲ. ಅದು ತಿಳಿದಾಗ ಅವನಿಗೆ ನಿಜಕ್ಕೂ ಅಳು ಬಂತು.

"ಯಾರೂ ಇಲ್ಲ ಮಾಸ್ಟ್ರೇ," ಎಂದ. "ನಂಗೆ ಸಾಯೋಕೂ ಯಾರೂ ಇಲ್ಲ."

ಮತ್ತೆ ಇಂಗ್ಲೆಂಡಿನ ಶ್ರೀಮಂತರಿಂದ ಹಿಡಿದು ಕ್ಲೊರಿಂದಮ್ಮನವರೆಗೆ ಎಲ್ಲವನ್ನೂ ಒದರಿಬಿಟ್ಟ. ಯಾರೂ ಸಾಯದೆ ಸಾವಿನ ಗುಂಡಿ ಹಾಕಿಕೊಂಡು ಬಂದವನಿಂದ ಅಪಶಕುನ ತಗಲದಿರಲೆಂದು ದಾರದವನು ಮೆಲ್ಲಗೆ ಮೇಜಿನ ಮೇಲಿದ್ದ ಕತ್ತರಿಯ ಕಬ್ಬಿಣ ಮುಟ್ಟಿಕೊಂಡ. ಅಸ್ತರಿನವನು ಕುರ್ಚಿಯನ್ನು ಗೇಣು ಹಿಂದಕ್ಕೆ ಸರಿಸಿದ. ಪೆಲೆಗ್ರೀನೊ ತಾನೇ ಎದ್ದು ನಿಂತ.

ಮಾಸ್ಟರು ಅವನ ಕಾಲರು ಹಿಡಿದು ಕಿಟಕಿಯ ಬೆಳಕಿಗೆ ಎಳೆದರು. ಅಂತೂ ಸೂಟು ನೋಡುತ್ತಿದ್ದಾರಲ್ಲ ಎಂದು ಪೆಲೆಗ್ರೀನೊನ ಆಸೆ ಮತ್ತೆ ಚಿಗುರಿತು.

"ಕಾಸೆರ್ತಾದಲ್ಲಿ ಹೊಲಿಸಿದ್ದಾ?"

"ಹೌದು ಮಾಸ್ಟ್ರೇ."

"ತೋಳು ಕೂತಿಲ್ಲ. ಬೆನ್ನೂ ಕೂತಿಲ್ಲ." ಅವರ ಕಣ್ಣು ಗುಂಡಿಯ ಮೇಲೆ ನಿಂತಿತು. "ಆ ಬಾಗಿಲು ಕಾಯೋ ಆಯಮ್ಮನೇ ಹೊಲಿದಿದ್ದಾ ಇದನ್ನ? ಟಾಕು ನೋಡಿ, ಎಲ್ಲಾದ್ರೂ ಕಾಣುತ್ತಾ? ಈಸ್ಟರ್ ಆದಾಗಿಂದ ನಂಗೆ ಕಾಜಾ ಹೊಲಿಯೋರು ಸಿಕ್ಕಿಲ್ಲ. ನಾಳೆ ಆಯಮ್ಮನ್ನ ಕಳಿಸಿಕೊಡಿ."

ಕ್ಲೊರಿಂದಮ್ಮ ಹೋದಳು. ಹೋದವಳು ಅಲ್ಲೇ ನೆಲೆಯೂರಿದಳು. ಗುಂಡಿ ತೂರಿಸುವ ಕಾಜಾ ಹೊಲಿಯಲು ಬೆಳಕು ಬೇಕಲ್ಲ, ಕಿಟಕಿಯ ಪಕ್ಕದ ನಾಲ್ಕನೇ ಕುರ್ಚಿ ಆಕೆಯದಾಯಿತು. ಪೆಲೆಗ್ರೀನೊ ಮೂರು ಗುರುವಾರ ಆ ಬೀದಿಯ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ಗುರುವಾರ ತಡೆಯಲಾಗದೆ, ಹಳೆಯ ಕಂದು ಕೋಟು ತೊಟ್ಟು, ಕನ್ನಡಕ ಹಾಕಿಕೊಂಡು ಹೋಗಿ, ಹೊಸ್ತಿಲಲ್ಲಿ ನಿಂತು ನಮಸ್ಕಾರ ಹೇಳಿದ. ಹೊರಡಲು ತಿರುಗುವಷ್ಟರಲ್ಲಿ ಕ್ಲೊರಿಂದಮ್ಮ ಹೊಲಿಗೆಯಿಂದ ತಲೆ ಎತ್ತದೆಯೇ ದನಿ ಎತ್ತಿದಳು.

"ಮಾಸ್ಟ್ರೇ, ಒಳಗಿಂದ ಇನ್ನೊಂದು ಕುರ್ಚಿ ತರಿಸಿ. ಹನ್ನೊಂದು ವರ್ಷದಿಂದ ನೋಡ್ತಿದೀನಿ, ಈ ಮನುಷ್ಯ ಒಬ್ನೇ ಉಣ್ತಾನೆ, ಒಬ್ನೇ ಮಾತಾಡ್ಕೋತಾನೆ."

ಐದನೇ ಕುರ್ಚಿ ಬಂತು. ಒಂದು ಕಾಲು ಮೋಟಾಗಿದ್ದರಿಂದ ಅದು ಓಲಾಡುತ್ತಿತ್ತು. ಪೆಲೆಗ್ರೀನೊ ನಾಚಿಕೆಯಿಂದ ಬೆವರುತ್ತ ಕೂತ. ಬಟ್ಟೆಯವನು ಕಾಫಿ ದಾಟಿಸಿ, ತನ್ನ ಅಳಿಯ ಆ ವಾರ ಮಾಡಿದ ಅವಾಂತರವನ್ನು ಅವನಿಗಾಗಿ ಮತ್ತೆ ಮೊದಲಿನಿಂದ ಶುರುಮಾಡಿದ. ಅರ್ಧ ಗಂಟೆ ಕಳೆದ ಮೇಲೆ ಪೆಲೆಗ್ರೀನೊಗೆ ಧೈರ್ಯ ಬಂತು. ಮೆಲ್ಲನೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

ಬಟ್ಟೆ ಕತ್ತರಿಸುತ್ತಿದ್ದ ಮಾಸ್ಟರು ಕತ್ತರಿ ನಿಲ್ಲಿಸಿದರು.

"ಪೆಲೆಗ್ರೀನೊ ಅವರೇ, ಪ್ರತಿ ಗುರುವಾರ ಬನ್ನಿ. ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ಳಿ. ನಿಮ್ಮ ಗುಂಡಿ ಮಾತ್ರ ನಂಗೆ ತೋರಿಸ್ಬೇಡಿ."