ಕಡಲ್ಗಳ್ಳರ ರೇಡಿಯೊದಲ್ಲಿ ಕನ್ನಡದ ಅರ್ಧ ಗಂಟೆ

ನನ್ನಂಥ ಕಡಿಮೆ ಮಾತಾಡುವವನ ಸುತ್ತಲೇ ಇಂಥ ಪ್ರಸಂಗಗಳು ಜಾಸ್ತಿ ನಡೆಯುತ್ತವೆ. ನಡುವೆ ಬಾಯಿ ಹಾಕಿ ತಡೆಯುವುದಿಲ್ಲವಲ್ಲ, ಅದಕ್ಕೇ ಇರಬೇಕು.

೧. ಈಜು

ಥೇಮ್ಸ್ ನದಿಯಲ್ಲಿ ಕಟ್ಟಿಹಾಕಿದ ಹಳೆಯ ದೋಣಿಯೊಂದರಲ್ಲಿ ಪುಟ್ಟ ರೇಡಿಯೊ ಕೇಂದ್ರವಿದೆ. ಅದನ್ನು ನಡೆಸುವವರು ಒಬ್ಬ ಮುದುಕರು; ಹರೆಯದಲ್ಲಿ ಕಡಲ್ಗಳ್ಳ ರೇಡಿಯೊದವರು. ನೆಲದ ಮೇಲೆ ಖಾಸಗಿ ರೇಡಿಯೊಗೆ ಅನುಮತಿ ಇಲ್ಲದ ಕಾಲದಲ್ಲಿ ಹಡಗು ಹತ್ತಿ, ದೇಶದ ಗಡಿಯಾಚೆ ಲಂಗರು ಹಾಕಿ, ದಡದವರಿಗೆ ಪಾಪ್ ಹಾಡು ಕೇಳಿಸಿದವರು. ಈಗ ಪರವಾನಗಿ ಇದೆ.

ಅವರು ಒಂದು ಭಾನುವಾರ ಕನ್ನಡಕ್ಕೆಂದು ನನಗೆ ಅರ್ಧ ಗಂಟೆ ಕೊಟ್ಟರು. "ಒಬ್ಬರಾದರೂ ಫೋನ್ ಮಾಡಿದರೆ ಪ್ರತಿ ವಾರ ನಿಮ್ಮದೇ. ಇಲ್ಲದಿದ್ದರೆ ತೋಟಗಾರಿಕೆಯವರಿಗೆ."

ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಆ ಅರ್ಧ ಗಂಟೆ ನನಗೆ ಬೇಕೇ ಬೇಕಿತ್ತು.

ಹೆಂಡತಿ ಧಾರವಾಡದವಳು. "ಏನ್ರೀ, ಕಳ್ಳರ ಜೋಡಿ ನಿಮ್ದೇನ್ ಕೆಲಸ?" ಎಂದಳು.

"ಕಳ್ಳರಲ್ಲ, ಕಡಲ್ಗಳ್ಳರು."

"ನಿಮಗ ಕಳವೂ ಬರೂದಿಲ್ಲ, ಈಜೂ ಬರೂದಿಲ್ಲ. ಹೆಂಗ್ ತಗೊಂಡ್ರು?"

೨. ಅಲೆ

ತಾಲೀಮಿನ ದಿನ ಮುದುಕರಿಗೆ ಸಮಾಧಾನವೇ ಇಲ್ಲ. "ದೋಣಿ ಅಲುಗುತ್ತಿಲ್ಲ. ಆಗೆಲ್ಲ ಅಲೆ ಹೊಡೆದರೆ ರೆಕಾರ್ಡಿನ ಮುಳ್ಳು ಹಾರುತ್ತಿತ್ತು. ಸ್ವಲ್ಪ ಮೇಜು ಅಲ್ಲಾಡಿಸಿ."

ಅಲ್ಲಾಡಿಸಿದೆ. ಮುಳ್ಳು ಕುಪ್ಪಳಿಸಿತು. ಅವರು ಕಣ್ಣು ಮುಚ್ಚಿ, "ಆಹಾ, ಉತ್ತರ ಸಮುದ್ರ!" ಎಂದರು.

ವಾಂತಿ ಬಂದದ್ದು ನನಗೆ.

೩. ಬರ್ತೀನಿ

ಭಾನುವಾರ ಮಾತಾಡಿದೆ, ಮಾತಾಡಿದೆ. ಫೋನ್ ಸುಮ್ಮನಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಫೋನ್ ರಿಂಗಾಯಿತು. ಲಂಡನ್ನಿನ ರೇನರ್ಸ್ ಲೇನ್ ಬಡಾವಣೆಯಿಂದ ಮೈಸೂರಿನ ಡಾಕ್ಟರೊಬ್ಬರು. "ಕಿವಿ ತಂಪಾಯ್ತು ಸಾರ್. ಸರಿ, ಬರ್ತೀನಿ," ಎಂದು ಇಟ್ಟರು.

"ಕೊನೆಗೆ ಏನಂದರು?" ಎಂದರು ಮುದುಕರು.

ಖುಷಿಯಲ್ಲಿದ್ದೆ. ಪದಕ್ಕೆ ಪದ ಇಂಗ್ಲಿಷಿಗಿಳಿಸಿದೆ: "ಬರ್ತಾರಂತೆ."

ಅವರ ಮುಖ ಬಿಳುಚಿತು. ಮರುಗಳಿಗೆ ಪ್ಲಗ್ ಕಿತ್ತುಬಂದಿತ್ತು, ರೆಕಾರ್ಡಿನ ಪೆಟ್ಟಿಗೆ ಬಗಲಿಗೇರಿತ್ತು, ಅವರು ಹಲಗೆ ದಾಟಿ ದಡದಲ್ಲಿ ಓಡುತ್ತಿದ್ದರು. ಹಳೆಯ ಅಭ್ಯಾಸ: ಆಗೆಲ್ಲ 'ಬರ್ತಾರೆ' ಎಂದರೆ ಪೊಲೀಸರೇ. ಕೊನೆಗೆ ಒಂದು ಪೊದೆಯ ಹಿಂದೆ ಸಿಕ್ಕರು.

"ಯಾರೂ ಬರೋದಿಲ್ಲ," ಎಂದೆ. "ನಮ್ಮಲ್ಲಿ 'ಹೋಗ್ತೀನಿ' ಅನ್ನಬಾರದು. ಹೊರಡುವವರು 'ಬರ್ತೀನಿ' ಅಂತಾರೆ."

ಅವರು ಯೋಚಿಸಿದರು. "ಹಾಗಾದರೆ ನಿಜವಾಗಿ ಬರುವವರು ಏನಂತಾರೆ?"

"ಅವರು ಏನೂ ಅನ್ನೋದಿಲ್ಲ. ಸುಮ್ಮನೆ ಬಂದುಬಿಡ್ತಾರೆ."

"ಪ್ರತಿ ಭಾನುವಾರ ನಿಮ್ಮದೇ," ಎಂದರು ಮುದುಕರು. ಪೊದೆಯಿಂದ ಮಾತ್ರ ಹೊರಗೆ ಬರಲಿಲ್ಲ.