ತೊಂಬತ್ತೆರಡು ಡಿಗ್ರಿಗೆ ಮುನ್ನ ಬಾಗಿಲು ತೆರೆಯದ ಮಹಾಶಯರಿಗೆ

ಮಾನ್ಯರೇ,

ಹಳೆಯ ಜೀಪೊಂದರ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ದ್ವಾರಪಾಲಕರಾಗಿ ನಿಂತು, ಕಾದ ನೀರಿಗೆ ತಣಿಯಲು ಹೋಗುವ ಅನುಮತಿಯನ್ನು ಅಪರೂಪಕ್ಕೆ ಕೊಡುತ್ತ, ಬಹುಪಾಲು ಕೊಡದಿರುತ್ತ ಬಂದ ಥರ್ಮೋಸ್ಟಾಟ್ ಮಹಾಶಯರಾದ ತಮಗೆ, ಒಂದು ಕಾಲದಲ್ಲಿ ಕಾಲೇಜಿನ ಚರ್ಚಾಕೂಟದಲ್ಲಿ ಮೂರು ವರ್ಷ ಸೋಲರಿಯದಿದ್ದ, ಈಗ ಅಂಗೈಯಗಲದ ಹಿತ್ತಾಳೆಗೆ ಸೋತಿರುವ ಕಾರಾ-ಬಾಲ್ತಾದ ಅಸಾನಾಲಿ ಬೆರ್ದಿಬಾಯೆವ್ ಮಾಡುವ ವಂದನೆಗಳು. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ತಮಗೆ ನಾನು ಹೇಳಿದ ಮಾತುಗಳು ಅಚ್ಚಿಗೆ ಯೋಗ್ಯವಲ್ಲ.

ಜೀಪು ನನ್ನ ಮಗನದು. ಅವನಿಗೆ ಮುಂಚೆ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲವಾದ್ದರಿಂದ ನಮ್ಮವರ ರೂಢಿಯಂತೆ ಅವನಿಗೆ ತುರ್ಸುನ್, ಅಂದರೆ ‘ನಿಲ್ಲಲಿ’, ಎಂದು ಹೆಸರಿಟ್ಟೆವು. ಹೆಸರನ್ನು ಅವನು ಪಾಲಿಸಲಿಲ್ಲ. ಕಳೆದ ವರ್ಷದ ಆಗಸ್ಟಿನಲ್ಲಿ ಮೂರು ದಿನದ ಜ್ವರಕ್ಕೆ ಹೊರಟುಹೋದ. ಪಾಲಿಸಿದ್ದು ಅವನ ಜೀಪು, ಅದೂ ಪ್ರತಿಯೊಂದು ಏರಿನಲ್ಲಿ, ತಮ್ಮ ಕೃಪೆಯಿಂದ.

ಅವನನ್ನು ಮಲಗಿಸಿರುವುದು ಘಟ್ಟದಾಚೆ ಸುಸಾಮಿರ್‌ನಲ್ಲಿ. ವರ್ಷ ತುಂಬಿದಾಗ ಅಲ್ಲಿ ಆಶ್ ನಡೆಯಬೇಕು: ಕುದುರೆ ಕೊಯ್ದು, ನಂಟರಿಗೂ ಊರಿಗೂ ಉಣಬಡಿಸಿ, ಶೋಕವನ್ನು ಮುಗಿಸುವ ದಿನ. ಮನೆಯ ಯಜಮಾನನಾದ ನಾನು ಅತಿಥಿಗಳಿಗಿಂತ ಮುಂಚೆ ತಲುಪಬೇಕು. ನಡುವೆ ಮೂರು ಸಾವಿರ ಮೀಟರ್ ಎತ್ತರದ ತ್ಯೋ-ಆಶೂ ಘಟ್ಟ ಇದೆ. ಬಾಡಿಗೆ ಕಾರು ಹೇಳೋಣವೆಂದರೆ ನನ್ನ ಹೆಂಡತಿ ಅನಾರ್ಕುಲ್, “ನನ್ನ ಮಗನ ಹತ್ರ ನಾನು ನೆಂಟಳ ಥರ ಹೋಗಲ್ಲ. ಅವನ ಗಾಡೀಲೇ ಹೋಗೋದು. ಇಲ್ಲಾಂದ್ರೆ ನೀವು ಹೋಗಿ, ನಾನು ನಡ್ಕೊಂಡು ಬರ್ತೀನಿ” ಎಂದುಬಿಟ್ಟಳು.

ಆದ್ದರಿಂದ ಜುಲೈ ತಿಂಗಳಿಡೀ ಪರೀಕ್ಷಾರ್ಥ ಪ್ರಯಾಣಗಳು ನಡೆದವು. ಘಟ್ಟದ ಸುರಂಗಕ್ಕೆ ಹತ್ತುವ ದಾರಿಯ ಮೂರನೆಯ ತಿರುವಿನಲ್ಲಿ ತಾವು ಒಮ್ಮೆಯೂ ನಮ್ಮನ್ನು ನಿಲ್ಲಿಸದೆ ಕಳಿಸಿದ್ದಿಲ್ಲ. ಇಂಥ ಸಮಯಪಾಲನೆ ನಮ್ಮ ಬಸ್ಸುಗಳಿಗೂ ಬರಲೆಂದು ಹಾರೈಸುತ್ತೇನೆ. ಎಂಜಿನ್ನಿನ ಬಿಸಿ ಇಳಿಸಲು, ಸುಡುವ ಬಿಸಿಲಿನಲ್ಲಿ ಹೀಟರನ್ನು ಪೂರ್ತಿ ತಿರುಗಿಸಿ ನಾವಿಬ್ಬರೂ ಹಬೆಯಲ್ಲಿ ಬೇಯುವ ಕಡುಬಿನಂತೆ ಕುಳಿತಿರುತ್ತಿದ್ದೆವು. ರಸ್ತೆಬದಿಯಲ್ಲಿ ಕುಮಿಸ್, ಅಂದರೆ ಹುಳಿಸಿದ ಕುದುರೆಹಾಲು, ಮಾರುವ ಹೆಂಗಸಂತೂ, “ಅಜ್ಜಾ, ನಿಮ್ಮ ಸಮೋವರ್ ಕುದೀತು. ಚಹಾಪುಡಿ ತರ್ಲಾ?” ಎಂದು ಪ್ರತಿ ಸಲವೂ ವಿಚಾರಿಸಿಕೊಳ್ಳುತ್ತಿದ್ದಳು.

ಮೆಕ್ಯಾನಿಕ್ ಶಾರ್ಶೆನ್ ನನ್ನ ಹಳೆಯ ಶಿಷ್ಯ. “ತೆಗೆದು ಬಿಸಾಕಿ ಮೇಷ್ಟ್ರೇ, ನಾವೆಲ್ಲ ಬಿಸಾಕಿದೀವಿ. ಬಾಗಿಲೇ ಇಲ್ಲಾಂದ್ರೆ ಮುಚ್ಚೋದೇನು?” ಎಂದು ತಮ್ಮನ್ನು ಕಿತ್ತು ನನ್ನ ಕೈಗಿಟ್ಟ. ಊರಿನ ಗಂಡಸರೆಲ್ಲ ಬೇಸಿಗೆಯಲ್ಲಿ ಮಾಡುವ ತಪ್ಪು ಇದೇ. ತಾವಿಲ್ಲದ ನೀರು ರೇಡಿಯೇಟರಿನ ದೂರದಾರಿಯನ್ನು ಬಿಟ್ಟು, ಒಳದಾರಿ ಹಿಡಿದು ನೇರ ಎಂಜಿನ್ನಿಗೇ ಮರಳಿತು. ಮೂರನೆಯ ತಿರುವಿನಲ್ಲಿ ಕುದಿಯುತ್ತಿದ್ದದ್ದು ಮೊದಲನೆಯದರಲ್ಲೇ ಕುದಿಯಿತು. ಇದನ್ನು ವರದಿ ಮಾಡಿದಾಗ ಶಾರ್ಶೆನ್ ಗಂಭೀರವಾಗಿ, “ಹಾಗಾದ್ರೆ ಅದರ ತಪ್ಪಿಲ್ಲ ಬಿಡಿ. ಎಂಜಿನ್ನೇ ಬದಲಾಯ್ಸೋಣ” ಎಂದ. ಶಾಲೆಯಲ್ಲಿಯೂ ಅವನು ಉತ್ತರ ತಪ್ಪಾದರೆ ಪ್ರಶ್ನೆಯನ್ನು ಬದಲಾಯಿಸುತ್ತಿದ್ದ.

ಕೊನೆಗೆ ತಮ್ಮನ್ನೇ ಸಾಕ್ಷಿಕಟ್ಟೆಗೆ ಕರೆಯುವುದು ಅನಿವಾರ್ಯವಾಯಿತು. ದಾರ ಕಟ್ಟಿ, ಪಾತ್ರೆಯ ನೀರಿಗೆ ಇಳಿಬಿಟ್ಟು, ಪಕ್ಕದಲ್ಲಿ ಉಷ್ಣಮಾಪಕವನ್ನಿಟ್ಟು ಒಲೆ ಹಚ್ಚಿದೆ. ತಾವು ತೊಂಬತ್ತೆರಡಕ್ಕೆ ಸರಿಯಾಗಿ ಬಾಯಿ ತೆರೆದಿರಿ. ಒಡಲಿನ ಮೇಲೆ ಕೊರೆದಿರುವ ಅಂಕಿಯೂ ಅದೇ. ಅಂದರೆ ತಾವು ಕೆಟ್ಟಿರಲಿಲ್ಲ. ಪ್ರಾಮಾಣಿಕರಾಗಿದ್ದಿರಿ, ಅದು ಇನ್ನೂ ಕಷ್ಟ. ರೇಡಿಯೇಟರಿನ ಮುಚ್ಚಳ ಸಡಿಲವಾಗಿ ಒತ್ತಡ ಸೋರುತ್ತಿದ್ದುದರಿಂದ ಆ ಎತ್ತರದಲ್ಲಿ ನೀರು ತೊಂಬತ್ತಕ್ಕೇ ಕುದಿಯುತ್ತದೆ. ತಾವೋ ತೊಂಬತ್ತೆರಡರವರೆಗೆ ತೆರೆಯಲಾರಿರಿ. ಆದ್ದರಿಂದ ತಾವು ನೀರಿನ ಸ್ವಭಾವವನ್ನು ತಿದ್ದಬೇಕು, ಅಥವಾ ಪರ್ವತವನ್ನು ಒಂದು ಸಾವಿರ ಮೀಟರ್ ತಗ್ಗಿಸಲು ಸಂಬಂಧಪಟ್ಟವರಿಗೆ ಶಿಫಾರಸು ಮಾಡಬೇಕು ಎಂದು ನಾನು ಮನಸ್ಸಿನಲ್ಲೇ ವಾದ ಮಂಡಿಸುತ್ತಿರುವಾಗ ಅನಾರ್ಕುಲ್ ಒಳಗೆ ಬಂದಳು.

“ಅದನ್ನ ಯಾಕೆ ಬೇಯಿಸ್ತಿದೀರಿ? ಅದು ತುರ್ಸುನ್ ಹಾಕಿದ್ದು.”

ಇಷ್ಟು ಬಿಸಿಯದನ್ನು ಯಾವ ಮೂರ್ಖ ಹಾಕಿದನೆಂದು ನಾನು ಆಗಷ್ಟೇ ಗಟ್ಟಿಯಾಗಿ ಕೇಳಿಕೊಂಡಿದ್ದೆ.

“ನನ್ನ ಮಂಡಿಗೋಸ್ಕರ ಹಾಕ್ದ. ಚಳಿಗಾಲದಲ್ಲಿ ಹೀಟರ್ ಚೆನ್ನಾಗಿ ಬಿಸಿ ಬರುತ್ತಮ್ಮ ಅಂದ. ಅಪ್ಪನಿಗೆ ಹೇಳ್ಬೇಡ, ವಾದಕ್ಕೆ ನಿಲ್ತಾರೆ ಅಂದ.”

ವಾದವನ್ನು ನಾನು ಆಗಲೇ ಗೆದ್ದಾಗಿತ್ತು, ಮಹಾಶಯರೇ. ಎದುರಾಳಿ ಯಾರೆಂದು ತಿಳಿದದ್ದು ಆಮೇಲೆ. ಒಲೆ ಆರಿಸಿದೆ.

ಬಜಾರಿನಲ್ಲಿ ಎಪ್ಪತ್ತರದೂ ಇತ್ತು, ಎಂಬತ್ತರದೂ ಇತ್ತು. “ಎಪ್ಪತ್ತರದ್ದು ತಗೊಳ್ಳಿ, ಗಾಡಿ ಐಸಿನ ಥರ ಇರುತ್ತೆ” ಎಂದ ಅಂಗಡಿಯವನಿಗೆ, ಬಾಗಿಲು ಬೇಗ ತೆರೆದ ಮಾತ್ರಕ್ಕೆ ರೇಡಿಯೇಟರ್ ದೊಡ್ಡದಾಗುವುದಿಲ್ಲವೆಂದೂ, ಎಂಜಿನ್ನು ಬೆಚ್ಚಗಾಗದಿದ್ದರೆ ಬೇಗ ಸವೆಯುವುದೆಂದೂ ಸವಿಸ್ತಾರವಾಗಿ ವಿವರಿಸಿ, ಎಂಬತ್ತರದನ್ನೂ ಒಂದು ಹೊಸ ಮುಚ್ಚಳವನ್ನೂ ತಂದೆ. ತಮ್ಮನ್ನು ಬದಲಿಸಲು ಅನಾರ್ಕುಲ್ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಅದರಂತೆ ತಾವು ಅವಳ ಕರವಸ್ತ್ರದಲ್ಲಿ, ಅವಳ ಮಡಿಲಲ್ಲಿ ಕುಳಿತು ಆಶ್‌ಗೆ ಹೊರಟಿರಿ.

ಮೂರನೆಯ ತಿರುವು ಬಂದಾಗ ಸೂಜಿ ಎಂಬತ್ತೈದರಿಂದ ಅಲುಗಲಿಲ್ಲ. ನಾನು ವೇಗ ಹೆಚ್ಚಿಸಿದೆ.

“ನಿಲ್ಸಿ” ಎಂದಳು ಅನಾರ್ಕುಲ್.

ಬಿಸಿಯಾಗಿಲ್ಲವೆಂದು ಸೂಜಿಯನ್ನು ತೋರಿಸಿದೆ.

“ಸೂಜಿನ ಯಾರು ಕೇಳಿದ್ರು? ಮನೇಲಿ ನೀವು ಅವನ ಹೆಸರೇ ಎತ್ತಲ್ಲ. ಇಲ್ಲಿ ನಿಂತಾಗ ಮಾತ್ರ ಮಾತಾಡ್ತೀರಿ.”

ಕೆಡದ ಜೀಪನ್ನು ಪಕ್ಕಕ್ಕೆ ಹಾಕಿ ಅರ್ಧ ಗಂಟೆ ನಿಂತೆವು. ಅವನು ಐದು ವರ್ಷದವನಿದ್ದಾಗ ಅದೇ ಘಟ್ಟದಲ್ಲಿ ಕುರಿಮಂದೆಯ ನಡುವೆ ಕಳೆದುಹೋಗಿದ್ದನ್ನು ನಾನೇ ಹೇಳಿದೆ. ಅತಿಥಿಗಳು ನಮಗಿಂತ ಮೊದಲೇ ತಲುಪಿದ್ದರು. ಗಾಡಿ ಕೆಟ್ಟಿತ್ತೇ ಎಂದು ಎಲ್ಲರೂ ಕೇಳಿದರು, ಹೌದೆಂದೆ. ತಮ್ಮ ಮೇಲಿನ ನನ್ನ ದೂರುಗಳಲ್ಲಿ ಇದೊಂದು ಮಾತ್ರ ಸುಳ್ಳು. ಇದನ್ನು ಹಿಂಪಡೆಯುವ ಉದ್ದೇಶವಿಲ್ಲ.

ತಮ್ಮ ಕಾದ ನೀರಿನಿಂದ ಕೈ ಸುಟ್ಟುಕೊಂಡೂ
ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಅಸಾನಾಲಿ ಬೆರ್ದಿಬಾಯೆವ್

ಮರೆತ ಮಾತು: ನವೆಂಬರಿನಲ್ಲಿ ತಮ್ಮನ್ನು ಹುದ್ದೆಗೆ ಮರಳಿ ನೇಮಿಸಬೇಕೆಂದು ಅನಾರ್ಕುಲಳ ಮಂಡಿಗಳು ತೀರ್ಮಾನಿಸಿವೆ. ಅಲ್ಲಿಯವರೆಗೆ ತಾವು ಅಡುಗೆಮನೆಯ ಕಿಟಕಿಯಲ್ಲಿ ರಜೆಯಲ್ಲಿರತಕ್ಕದ್ದು. ಶಾರ್ಶೆನ್ ಚಹಾಕ್ಕೆ ಬಂದಾಗ ದಯವಿಟ್ಟು ಅವನ ಕಣ್ಣಿಗೆ ಬೀಳಬೇಡಿ. ಕಿಟಕಿಯನ್ನೇ ಬದಲಾಯಿಸೋಣ ಎಂದಾನು.